ನೆಗೆಟಿವ್ ಅಂಚು, ನಳದ ನೀರು

ಮನೆಯ ಬಚ್ಚಲಲ್ಲಿ ತೊಳೆದ ಕಪ್ಪು-ಬಿಳುಪು ಫಿಲ್ಮು ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಕ್ಯಾಮೆರಾ, ಆಮೇಲೆ ಫಿಲ್ಮು, ಕೊನೆಗೆ ತೊಳೆದವರ ಕೈ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಈ ಸರದಿಯನ್ನು ತಿರುವಿಹಾಕಬೇಕು ಎಂಬುದು ನನ್ನ ವಾದ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನು ಮತ್ತು ಸೆಕೆಯನ್ನು. ಡೆವಲಪರ್ ಪೊಟ್ಟಣದ ಮೇಲೆ ಅಚ್ಚಾದ ಸೂಚನೆ 20 ಡಿಗ್ರಿ ಸೆಲ್ಸಿಯಸ್ ದ್ರಾವಣವನ್ನು ಲೆಕ್ಕಕ್ಕೆ ಹಿಡಿದು ಬರೆದದ್ದು. ಆ ಸೂಚನೆ ಬರೆದವರ ಊರಿನಲ್ಲಿ ನಳ ತಿರುವಿದರೆ ತಂಪಾದ, ತಿಳಿಯಾದ ನೀರು ಹೊತ್ತುಹೊತ್ತಿಗೂ ಬರುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಬಿಸಿಲು 37 ಡಿಗ್ರಿಯ ಆಸುಪಾಸು ಮುಟ್ಟುತ್ತದೆ, ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ, ಮತ್ತು ಆ ನೀರು ಇವತ್ತು ಮಲಪ್ರಭೆಯದೋ ಬೋರಿನದೋ ಎಂಬುದು ಎಷ್ಟೋ ಮನೆಗಳಲ್ಲಿ ದಿನದ ಮೇಲೆ ನಿಂತಿರುತ್ತದೆ. ಸೂಚನೆಯನ್ನು ಅಕ್ಷರಶಃ ಪಾಲಿಸಿದವರ ಫಿಲ್ಮೂ ಇಲ್ಲಿ ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಮನೆಯಲ್ಲೇ ಏಕೆ ತೊಳೆಯಬೇಕು, ಕಲರ್ ಲ್ಯಾಬಿಗೆ ಕೊಟ್ಟರಾಗದೇ ಎಂದು ಕೇಳುವವರಿಗೆ ಮೊದಲೇ ಒಂದು ಎಚ್ಚರಿಕೆ ಹೇಳಬೇಕು. ಕಲರ್ ಫಿಲ್ಮಿನ ಸಿ-41 ಯಂತ್ರದಲ್ಲಿ ಬೆಳ್ಳಿಯನ್ನು ಕರಗಿಸಿ ಬಣ್ಣದ ಚಿತ್ರವನ್ನಷ್ಟೇ ಉಳಿಸುವ ಹಂತವೊಂದಿದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಆ ಯಂತ್ರಕ್ಕೆ ಹಾಕಿದರೆ ಚಿತ್ರವೆಲ್ಲ ತೊಳೆದುಹೋಗಿ ಖಾಲಿ ಪಟ್ಟಿ ಹೊರಬರುತ್ತದೆ. ಇಲ್ಫೋರ್ಡ್ ಎಕ್ಸ್‌ಪಿ2ನಂಥ, ಆ ಯಂತ್ರಕ್ಕೆಂದೇ ತಯಾರಾದ ಕಪ್ಪು-ಬಿಳುಪು ಫಿಲ್ಮು ಮಾತ್ರ ಇದಕ್ಕೆ ಹೊರತು. ಕಪ್ಪು-ಬಿಳುಪನ್ನು ಕೈಯಿಂದ ತೊಳೆಯುವ ಸ್ಟುಡಿಯೋಗಳು ವಿರಳವಾದ ಮೇಲೆ, ಅಜ್ಜನ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿದವರಿಗೆ ಉಳಿದ ದಾರಿಗಳಲ್ಲಿ ಸುಲಭದ್ದು ಒಂದು ಡೆವಲಪಿಂಗ್ ಟ್ಯಾಂಕ್, ಒಂದು ಥರ್ಮಾಮೀಟರ್, ಮೂರು ಬಾಟಲಿ ದ್ರಾವಣ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿರುವುದರಿಂದ ಈಗ ಕೊಳ್ಳುವ ರೋಲುಗಳು ಹೊರದೇಶದವು, ದುಬಾರಿಯವು. ಹಾಗಾಗಿ ಒಂದು ರೋಲು ಕೆಟ್ಟರೆ ಅದು ಏಕೆ ಕೆಟ್ಟಿತು ಎಂಬುದು ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಮುಂದಿನದೂ ಹಾಗೇ ಕೆಡುತ್ತದೆ.

ಇದನ್ನು ತಿಳಿಯಲು ಬೇಕಾದ ಸಾಕ್ಷಿ ಫಿಲ್ಮಿನಲ್ಲೇ ಇದೆ. ಆದರೆ ಅದು ಚಿತ್ರದ ಚೌಕಟ್ಟಿನೊಳಗಿಲ್ಲ, ಅಂಚಿನಲ್ಲಿದೆ. 35 ಎಂಎಂ ಫಿಲ್ಮಿನ ಎರಡೂ ಬದಿಯ ತೂತುಗಳ ಪಕ್ಕದಲ್ಲಿ ಕಂಪನಿಯ ಹೆಸರು, ಫ್ರೇಮಿನ ಸಂಖ್ಯೆ ಇರುತ್ತವಲ್ಲ, ಅವನ್ನು ಮಸಿಯಲ್ಲಿ ಮುದ್ರಿಸಿರುವುದಿಲ್ಲ. ಕಾರ್ಖಾನೆಯಲ್ಲಿಯೇ ಗೊತ್ತಾದ ಪ್ರಮಾಣದ ಬೆಳಕು ಹಾಯಿಸಿ ಬರೆದಿರುತ್ತಾರೆ; ಡೆವಲಪರಿನಲ್ಲಿ ಅದ್ದಿದಾಗ ಮಾತ್ರ ಅವು ಮೂಡುತ್ತವೆ. ನಿಮ್ಮ ಕ್ಯಾಮೆರಾದ ಶಟರು, ಲೆನ್ಸು, ಮೀಟರು ಇವಕ್ಕೂ ಆ ಅಕ್ಷರಗಳಿಗೂ ಸಂಬಂಧವೇ ಇಲ್ಲ. ಹೀಗಾಗಿ ಅಂಚಿನ ಅಕ್ಷರದ ಗಾಢತೆ ಡೆವಲಪಿಂಗ್ ಒಂದನ್ನೇ ಅಳೆಯುತ್ತದೆ. ಚೌಕಟ್ಟಿನೊಳಗಿನ ಗಾಢತೆ ಎಕ್ಸ್‌ಪೋಷರ್ ಮತ್ತು ಡೆವಲಪಿಂಗ್ ಎರಡನ್ನೂ ಕೂಡಿಸಿ ಅಳೆಯುತ್ತದೆ. ಚಿತ್ರ ತೆಳುವಾಗಿದ್ದು ಅಂಚಿನ ಅಕ್ಷರ ಕಪ್ಪಗೆ ನಿಚ್ಚಳವಾಗಿದ್ದರೆ ತಪ್ಪು ಕ್ಯಾಮೆರಾದ ಕಡೆಯದು: ಬೆಳಕು ಸಾಲಲಿಲ್ಲ. ಚಿತ್ರವೂ ಅಕ್ಷರವೂ ಎರಡೂ ಮಂಕಾಗಿದ್ದರೆ ಡೆವಲಪರ್ ಸತ್ತಿದೆ, ಇಲ್ಲವೇ ತೀರ ತಣ್ಣಗಿತ್ತು, ಇಲ್ಲವೇ ಹೊತ್ತು ಸಾಲಲಿಲ್ಲ. ಅಕ್ಷರವೂ ಇಲ್ಲದೆ ಪೂರ್ತಿ ಪಾರದರ್ಶಕವಾಗಿ ಬಂದರೆ ಡೆವಲಪರ್ ಕೆಲಸವನ್ನೇ ಮಾಡಿಲ್ಲ. ಬಾಟಲಿ ಅದಲುಬದಲಾಗಿ, ಡೆವಲಪರಿನ ನಂತರ ಚಿತ್ರವನ್ನು ಸ್ಥಿರಗೊಳಿಸಬೇಕಾದ ಹೈಪೋ ಮೊದಲು ಹೋದಾಗ ಆಗುವುದು ಇದೇ. ಅಕ್ಷರ ಸರಿಯಿದ್ದು ಚಿತ್ರ ಒಂದೂ ಇಲ್ಲವಾದರೆ ಫಿಲ್ಮು ಕ್ಯಾಮೆರಾದೊಳಗೆ ಮುಂದೆ ಸರಿದೇ ಇಲ್ಲ, ಅಥವಾ ಶಟರು ತೆರೆದಿಲ್ಲ. ಎರಡೂ ಅತಿಯಾಗಿ ಕಪ್ಪಾಗಿದ್ದರೆ, ನಮ್ಮ ಊರಲ್ಲಿ ಅದರ ಅರ್ಥ ಬಹುಪಾಲು ಒಂದೇ: ದ್ರಾವಣ ಬಿಸಿಯಿತ್ತು.

ಕಲೆಗಳ ವಿಷಯದಲ್ಲೂ ಅಂಚಿನ ಸಾಕ್ಷಿ ಕೆಲಸಕ್ಕೆ ಬರುತ್ತದೆ. ಬೆಳಕು ಸೋರಿದ ಕಪ್ಪು ಪಟ್ಟೆ ಚೌಕಟ್ಟು ದಾಟಿ ತೂತುಗಳವರೆಗೆ ಹರಡಿದ್ದರೆ ಅದು ಲೆನ್ಸಿನ ದಾರಿಯಲ್ಲಿ ಬಂದದ್ದಲ್ಲ. ಕ್ಯಾಮೆರಾದ ಹಿಂಬಾಗಿಲಿನ ಫೋಮು ವರ್ಷಗಳು ಕಳೆದು ಪುಡಿಯಾಗಿದೆ, ಅಥವಾ ಫಿಲ್ಮನ್ನು ಟ್ಯಾಂಕಿಗೆ ತುಂಬುವಾಗ ಕತ್ತಲೆ ಕತ್ತಲೆಯಾಗಿರಲಿಲ್ಲ. ಪಟ್ಟೆ ಚೌಕಟ್ಟಿನೊಳಗೇ ನಿಂತಿದ್ದರೆ ಶಟರನ್ನು, ಲೆನ್ಸನ್ನು ನೋಡಬೇಕು. ಪ್ರತಿ ತೂತಿನಿಂದಲೂ ಚಿತ್ರದೊಳಕ್ಕೆ ಚಾಚಿದ ಗಾಢ ಗೆರೆಗಳು ಕಂಡರೆ ಟ್ಯಾಂಕನ್ನು ಒರಟಾಗಿ, ಒಂದೇ ಬಗೆಯಲ್ಲಿ ಅಲುಗಾಡಿಸಿದ್ದೀರಿ. ದ್ರಾವಣ ತೂತುಗಳ ಮೂಲಕ ರಭಸದಿಂದ ನುಗ್ಗಿ ಅಲ್ಲಿ ಹೆಚ್ಚು ಕೆಲಸ ಮಾಡಿದೆ. ದುಂಡನೆಯ, ಅಂಚು ಸ್ಪಷ್ಟವಾದ ಪಾರದರ್ಶಕ ಚುಕ್ಕಿಗಳು ಗಾಳಿಗುಳ್ಳೆಯವು: ಡೆವಲಪರ್ ಸುರಿದ ಕೂಡಲೇ ಟ್ಯಾಂಕಿನ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟಿದ್ದರೆ ಗುಳ್ಳೆ ಒಡೆದು ಹೋಗುತ್ತಿತ್ತು. ಉಗುರಿನ ಆಕಾರದ ಗಾಢ ಗುರುತು ರೀಲಿಗೆ ಸುತ್ತುವಾಗ ಫಿಲ್ಮು ಮಡಿಚಿದ್ದರ ಫಲ. ಮಳೆಗಾಲದಲ್ಲಿ ಇದು ಹೆಚ್ಚು, ಏಕೆಂದರೆ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರುತ್ತದೆ, ಸ್ವಲ್ಪ ಪಸೆ ಹತ್ತಿದರೂ ಫಿಲ್ಮು ಪ್ಲಾಸ್ಟಿಕ್ ರೀಲಿನಲ್ಲಿ ಅಂಟಿ ನಿಲ್ಲುತ್ತದೆ. ಆಗ ತಳ್ಳಿದರೆ ಮಡಿಕೆ. ಸುತ್ತಿನಲ್ಲಿ ಎರಡು ಪದರ ಒಂದಕ್ಕೊಂದು ಅಂಟಿಕೊಂಡ ಜಾಗದಲ್ಲಿ ದ್ರಾವಣ ತಾಗದೆ ಹಾಲುಬಿಳುಪಿನ ತೇಪೆ ಉಳಿಯುತ್ತದೆ.

ಈಗ ಸೆಕೆಯ ಮಾತು. ಡೆವಲಪಿಂಗ್ ಒಂದು ರಾಸಾಯನಿಕ ಕ್ರಿಯೆ, ಬಿಸಿ ಏರಿದಂತೆ ಅದರ ವೇಗ ಏರುತ್ತದೆ. ಇಲ್ಫೋರ್ಡ್ ಕಂಪನಿ ಕೊಡುವ ಲೆಕ್ಕದಲ್ಲಿ 20 ಡಿಗ್ರಿಯಲ್ಲಿ 4 ನಿಮಿಷ ಬೇಕಾದ ಕೆಲಸ 23 ಡಿಗ್ರಿಯಲ್ಲಿ 3 ನಿಮಿಷಕ್ಕೆ ಮುಗಿಯುತ್ತದೆ. ಅದೇ ಕಂಪನಿಯ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಈ ಲೆಕ್ಕವನ್ನೇ ಮುಂದುವರಿಸಿದರೆ 30 ಡಿಗ್ರಿಯಲ್ಲಿ ಸುಮಾರು 3 ನಿಮಿಷ ಸಾಕು. ಸಾಕು ಎಂದರೆ ಅನುಕೂಲವೆಂದಲ್ಲ. ಟ್ಯಾಂಕು ತುಂಬಲು, ಬಗ್ಗಿಸಲು ಕಾಲು ನಿಮಿಷ ಹಿಡಿಯುತ್ತದೆ. ಮೂರು ನಿಮಿಷದಲ್ಲಿ ಅದು ಹನ್ನೆರಡನೇ ಒಂದು ಪಾಲು, ಆ ಹೊತ್ತಿನಲ್ಲಿ ಫಿಲ್ಮಿನ ಒಂದು ಭಾಗಕ್ಕೆ ದ್ರಾವಣ ಮೊದಲು ತಾಗಿ ಇನ್ನೊಂದಕ್ಕೆ ತಡವಾಗಿ ತಾಗುತ್ತದೆ. ಆಕಾಶದಂಥ ಸಮತಟ್ಟು ಜಾಗದಲ್ಲಿ ಕಾಣುವ ಮೋಡಮೋಡವಾದ ಏರುಪೇರಿಗೆ ಇದು ಮುಖ್ಯ ಕಾರಣ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತಿನ ಡೆವಲಪಿಂಗ್ ಬೇಡ ಎಂದು ತಯಾರಕರೇ ಹೇಳುವುದು ಇದಕ್ಕಾಗಿ.

ಹಾಗಾದರೆ ಮಂಜುಗಡ್ಡೆ ಹಾಕಿ ಡೆವಲಪರನ್ನು 20ಕ್ಕೆ ಇಳಿಸಿದರಾಯಿತಲ್ಲ ಎಂಬುದು ಸಹಜವಾದ ಆಕ್ಷೇಪ, ಮತ್ತು ಹಲವರು ಮಾಡುವುದೂ ಅದನ್ನೇ. ಆದರೆ ಫಿಲ್ಮು ಡೆವಲಪರಿನಲ್ಲಷ್ಟೇ ಇರುವುದಿಲ್ಲ. ಮುಂದೆ ಸ್ಟಾಪ್ ಬಾತ್, ಹೈಪೋ, ತೊಳೆಯುವ ನೀರು ಇವೆ. ಡೆವಲಪರ್ 20ರಲ್ಲಿದ್ದು ಮಾಳಿಗೆ ಟ್ಯಾಂಕಿನ ನೀರು 32ರಲ್ಲಿದ್ದರೆ ಎಮಲ್ಷನ್ನಿನ ಜಿಲೆಟಿನ್ ಪದರ ತಟ್ಟನೆ ಉಬ್ಬಿ ಮೆತ್ತಗಾಗುತ್ತದೆ. ಅದು ಅತಿಯಾದಾಗ ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕಿನ ಜಾಲ ಏಳುತ್ತದೆ, ಕೆರೆ ಬತ್ತಿದ ಮೇಲೆ ಎರೆಮಣ್ಣು ಬಿರಿದ ಹಾಗೆ. ಇಂದಿನ ಫಿಲ್ಮುಗಳು ಹಿಂದಿನವಕ್ಕಿಂತ ಗಟ್ಟಿ, ಬಿರುಕು ಬೀಳುವುದು ಅಪರೂಪ. ಆದರೆ ಮೆತ್ತಗಾದ ಪದರಕ್ಕೆ ಉಗುರು ತಾಗಿದರೂ ಗೀರು ಬೀಳುತ್ತದೆ, ಧೂಳು ಕೂತರೆ ಒಳಗೇ ಹೂತುಕೊಳ್ಳುತ್ತದೆ. ಎಲ್ಲ ದ್ರಾವಣಗಳೂ ಒಂದೇ ಉಷ್ಣತೆಯಲ್ಲಿರುವುದು 20ರಲ್ಲಿರುವುದಕ್ಕಿಂತ ಮುಖ್ಯ. ನಮ್ಮ ಅವಳಿನಗರಕ್ಕೆ ನಾನು ಸೂಚಿಸುವ ಅಂಕೆ 24. ಐಡಿ-11 ಅಥವಾ ಡಿ-76ಕ್ಕೆ ಸಮಪ್ರಮಾಣದ ನೀರು ಬೆರೆಸಿದರೆ ಡೆವಲಪರಿನ ಬಿರುಸು ತಗ್ಗುತ್ತದೆ. ಎಚ್‌ಪಿ5 ಪ್ಲಸ್‌ಗೆ ಹಾಗೆ ಬೆರೆಸಿದ ಐಡಿ-11ರಲ್ಲಿ 20 ಡಿಗ್ರಿಗೆ 13 ನಿಮಿಷ, 24ಕ್ಕೆ ಸುಮಾರು 9 ನಿಮಿಷ. ಒಂಬತ್ತು ನಿಮಿಷ ನಿರಾತಂಕವಾಗಿ ಕೆಲಸ ಮಾಡಬಹುದಾದ ಹೊತ್ತು. ಬೇಸಿಗೆಯ ಒಣಗಾಳಿಯಲ್ಲಿ ಹರವಿಯ ನೀರು ತಾನಾಗಿ ತಂಪಾಗಿರುತ್ತದೆ, ಅಲ್ಲಿಂದ 24ಕ್ಕೆ ತರಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸ್ವಲ್ಪ ಮಂಜುಗಡ್ಡೆ ಸಾಕು. ಜುಲೈನಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಹರವಿ ಅಷ್ಟು ತಣಿಸುವುದಿಲ್ಲ, ಆದರೆ ಆಗ ನಳದ ನೀರೇ ಈ ಅಂಕೆಯ ಹತ್ತಿರ ಬಂದಿರುತ್ತದೆ. ಡಿಸೆಂಬರಿನಲ್ಲಿ ತುಸು ಬಿಸಿನೀರು ಬೆರೆಸಿಕೊಳ್ಳಬೇಕು, ಅಷ್ಟೇ.

20 ಡಿಗ್ರಿಯನ್ನು ಬಿಟ್ಟರೆ ಶಾಸ್ತ್ರ ಬಿಟ್ಟಂತೆ ಎಂದು ಅಂಜುವವರಿದ್ದಾರೆ. ಅದು ಶಾಸ್ತ್ರವಲ್ಲ, ಹೋಲಿಕೆಗೆಂದು ಇಟ್ಟುಕೊಂಡ ಒಂದು ಗುರುತು. ಉಷ್ಣವಲಯಕ್ಕೆಂದೇ ಕೊಡಾಕ್ ಕಂಪನಿ ಡಿಕೆ-15 ಎಂಬ ಸೂತ್ರ ಕೊಟ್ಟಿತ್ತು. ಜಿಲೆಟಿನ್ ಉಬ್ಬದಂತೆ ತಡೆಯಲು ಅದರಲ್ಲಿ ಸೋಡಿಯಂ ಸಲ್ಫೇಟ್ ಸೇರಿಸುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಸೀಮೆಯದೇ ಉದಾಹರಣೆ ಸಿಗುತ್ತದೆ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಮೇಲೆ ದೊಡ್ಡ ಚಿತ್ರಸಂಪುಟವೊಂದನ್ನು ಹೊರತಂದಿತು. ಫೋಟೋಗಳು ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಮುಂಬಯಿ ಸರಕಾರದ ಫೋಟೋಗ್ರಾಫರ್ ಆಗಿ 1855ರಲ್ಲಿ ನೇಮಕವಾದ ಬಿಗ್ಸ್ ಕಾಗದದ ನೆಗೆಟಿವ್ ಬಳಸಿದವರು. ಆ ಹೊತ್ತಿಗೆ ಯುರೋಪಿನಲ್ಲಿ ಗಾಜಿನ ಹಸಿ ಕೊಲೋಡಿಯನ್ ವಿಧಾನ ಹಬ್ಬಿತ್ತು, ಚಿತ್ರ ಇನ್ನೂ ನಯವಾಗಿ ಬರುತ್ತಿತ್ತು. ಆದರೆ ಆ ಗಾಜನ್ನು ಒಣಗುವ ಮುನ್ನ ಕೆಲವೇ ನಿಮಿಷಗಳಲ್ಲಿ ಬಳಸಿ, ತೊಳೆದು ಮುಗಿಸಬೇಕು. ಬಯಲುಸೀಮೆಯ ಬಿಸಿಲಲ್ಲಿ ಆ ನಿಮಿಷಗಳೂ ಸಿಗಲಾರವು. ಮೇಣ ಸವರಿದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಂಡು, ಹಗಲು ಚಿತ್ರ ತೆಗೆದು, ರಾತ್ರಿಯ ತಂಪಿನಲ್ಲಿ ಡೆವಲಪ್ ಮಾಡಬಹುದಿತ್ತು. ಊರಿನ ಹವೆಗೆ ತಕ್ಕ ವಿಧಾನವನ್ನು ಆರಿಸುವುದು ಇಲ್ಲಿ ಛಾಯಾಗ್ರಹಣದಷ್ಟೇ ಹಳೆಯ ರೂಢಿ.

ಸೆಕೆಗಿಂತ ಹೆಚ್ಚು ಮೋಸ ಮಾಡುವುದು ನೀರು, ಏಕೆಂದರೆ ಅದರ ಗುಣ ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ. ಅವಳಿನಗರದ ನಳಕ್ಕೆ ಬರುವುದು ಮುಖ್ಯವಾಗಿ ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಜಲಾಶಯದ ನೀರು, ಅಮ್ಮಿನಭಾವಿಯಲ್ಲಿ ಶುದ್ಧೀಕರಣವಾಗಿ; ಕಲಘಟಗಿ ಕಡೆಯ ನೀರಸಾಗರವೂ ಒಂದು ಆಸರೆ. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನವಿಡೀ ನೀರು ಕೊಡುವ ಯೋಜನೆ ಶುರುವಾಯಿತು, ಅದು ತಲುಪದ ಕಡೆ ಜನ ದಿನಗಟ್ಟಲೆ ಕಾದು ಹಿಡಿದಿಟ್ಟ ನೀರು ಬಳಸುವುದು ರೂಢಿಯಾಯಿತು. ಹಿಡಿದಿಟ್ಟದ್ದು ತೀರಿದರೆ ಬೋರು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕಾಯಿಸುವ ಪಾತ್ರೆಯ ತಳಕ್ಕೆ ಕಚ್ಚುವ ಬಿಳಿ ಪದರ ಅದರದೇ. ಒಣಗಿದ ಫಿಲ್ಮಿನ ಮೇಲೆ ಉಳಿಯುವ ಬಿಳಿ ಬಳೆಯಂಥ ಗುರುತೂ ಅದೇ ಪದಾರ್ಥ. ಇಂಥ ನೀರಿನಲ್ಲಿ, ಅಂಗಡಿಯಿಂದ ಬಿಡಿ ರಾಸಾಯನಿಕ ತಂದು ಡಿ-76 ಕೂಡಿಸಿದರೆ ಸಲ್ಫೈಟಿನೊಡನೆ ಕ್ಯಾಲ್ಸಿಯಂ ಸೇರಿ ದ್ರಾವಣದಲ್ಲಿ ಬಿಳಿ ಗಷ್ಟು ಇಳಿಯುತ್ತದೆ. ಕಂಪನಿಯ ಪೊಟ್ಟಣಗಳಲ್ಲಿ ಇದನ್ನು ತಡೆಯುವ ವಸ್ತುವನ್ನು ಸಾಮಾನ್ಯವಾಗಿ ಮೊದಲೇ ಸೇರಿಸಿರುತ್ತಾರೆ. ಸ್ವಂತವಾಗಿ ಕೂಡಿಸುವವರು ಕ್ಯಾಲ್ಗಾನ್ ಎಂದು ಕರೆಯುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಒಂದು ಚಿಟಿಕೆ ಮೊದಲು ಕರಗಿಸಿಕೊಳ್ಳುವುದು ಹಳೆಯ ಪದ್ಧತಿ. ನನ್ನ ಸಲಹೆ ಇನ್ನೂ ಸರಳ. ಡೆವಲಪರಿಗೆ ಮತ್ತು ಕಟ್ಟಕಡೆಯ ಅದ್ದುವಿಕೆಗೆ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನೋ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೋ ಬಳಸಿ. ಉಳಿದದ್ದಕ್ಕೆ ಬಟ್ಟೆಯಲ್ಲಿ ಸೋಸಿದ ಮನೆಯ ನೀರು ನಡೆಯುತ್ತದೆ.

ಕಲೆ ನೀರಿನದೋ ಬೇರೆಯದೋ ಎಂದು ತಿಳಿಯುವುದು ಹೇಗೆ? ಫಿಲ್ಮನ್ನು ಓರೆಯಾಗಿ ಹಿಡಿದು ದೀಪದ ಬೆಳಕು ಅದರ ಮೇಲೆ ಜಾರುವಂತೆ ನೋಡಬೇಕು. ಹೊಳಪಿನ ಬದಿಯ ಮೇಲೆ ಪದರವಾಗಿ ಕೂತದ್ದು ಕಂಡರೆ ನೀರಿನ ಲವಣ. ನೇರ ಬೆಳಕಿಗೆ ಹಿಡಿದಾಗ ಮಾತ್ರ ಕಂಡು ಓರೆಯಾಗಿ ಹಿಡಿದಾಗ ಮಾಯವಾದರೆ ಅದು ಎಮಲ್ಷನ್ನಿನ ಒಳಗಿನ ದೋಷ, ಗಾಳಿಗುಳ್ಳೆಯಂಥದು. ಮೊದಲನೆಯದು ಹೋಗುತ್ತದೆ: ಶೇಕಡಾ ಒಂದೆರಡರಷ್ಟು ತೆಳು ಅಸಿಟಿಕ್ ಆಮ್ಲದಲ್ಲಿ ಅದ್ದಿ, ಆರ್‌ಒ ನೀರಿನಲ್ಲಿ ತೊಳೆದು, ವೆಟಿಂಗ್ ಏಜೆಂಟಿನ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ಕೊನೆಯದಾಗಿ ಅದ್ದಿ ತೂಗುಹಾಕಿದರೆ ಸರಿ. ಎರಡನೆಯದು ಹೋಗುವುದಿಲ್ಲ. ತೂಗುಹಾಕುವ ಜಾಗವೂ ಮುಖ್ಯ. ಬೇಸಿಗೆ ಗಾಳಿಯಲ್ಲಿ ನಯವಾದ ಮಣ್ಣಿನ ಧೂಳಿರುವ ಊರಿದು. ಕಿಟಕಿ ಮುಚ್ಚಿದ, ಆಗಷ್ಟೇ ಬಿಸಿನೀರು ಬಿಟ್ಟು ಹಬೆಯಿಂದ ಧೂಳು ಕೂರಿಸಿದ ಬಚ್ಚಲಿಗಿಂತ ಒಳ್ಳೆಯ ಜಾಗ ಮನೆಯಲ್ಲಿಲ್ಲ.

ಹಿಡಿದಿಟ್ಟ ನೀರಿನಲ್ಲಿ ಫಿಲ್ಮು ತೊಳೆಯುವುದು ಅಪವ್ಯಯವಲ್ಲವೇ ಎಂಬ ಪ್ರಶ್ನೆ ನಮ್ಮ ಊರಲ್ಲಿ ಹಗುರವಾದದ್ದಲ್ಲ. ಹರಿಯುವ ನಳದ ಕೆಳಗೆ ಅರ್ಧ ಗಂಟೆ ಇಡಬೇಕು ಎಂಬ ಹಳೆಯ ಮಾತನ್ನು ಪಾಲಿಸಿದರೆ ಬಕೆಟ್‌ಗಟ್ಟಲೆ ನೀರು ಹೋಗುತ್ತದೆ. ಇಲ್ಫೋರ್ಡ್ ಶಿಫಾರಸು ಮಾಡುವ ವಿಧಾನದಲ್ಲಿ ಟ್ಯಾಂಕಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮೂರನೆಯದಾಗಿ ಇಪ್ಪತ್ತು ಸಲ. ಒಂದು 35 ಎಂಎಂ ರೋಲಿನ ಟ್ಯಾಂಕಿಗೆ ಸುಮಾರು 300 ಮಿಲಿಲೀಟರ್ ಎಂದರೆ ಮೂರು ಸಲಕ್ಕೆ ಒಂದು ಲೀಟರಿನೊಳಗೆ ಮುಗಿಯಿತು. ನೀರಿನ ಪ್ರಮಾಣಕ್ಕಿಂತ ಫಿಲ್ಮಿನಿಂದ ಹೈಪೋ ಹೊರಬರಲು ಸಿಗುವ ಅವಕಾಶ ಮುಖ್ಯ ಎಂಬುದು ಇದರ ಹಿಂದಿನ ತತ್ವ. ಆದರೆ ಒಂದು ಷರತ್ತಿದೆ. ಪಟಿಕ ಸೇರಿಸಿ ಎಮಲ್ಷನ್ ಗಟ್ಟಿಮಾಡುವ ಹಳೆಯ ಬಗೆಯ ಹೈಪೋ ಬಳಸಿದರೆ ಈ ಮೂರು ಸುತ್ತು ಸಾಲದು, ಏಕೆಂದರೆ ಗಟ್ಟಿಯಾದ ಪದರ ಹೈಪೋವನ್ನು ಬೇಗ ಬಿಡುವುದಿಲ್ಲ. ನಮ್ಮ ಊರಿಗೆ ಪಟಿಕವಿಲ್ಲದ ಹೈಪೋ ಮತ್ತು 24 ಡಿಗ್ರಿ, ಇವೆರಡೂ ಜೊತೆಯಲ್ಲಿದ್ದರೇ ನೀರು ಉಳಿಯುತ್ತದೆ.

ಹಳೆಯ ಸ್ಟುಡಿಯೋದವರು ಥರ್ಮಾಮೀಟರ್ ಮುಟ್ಟದೆ, ಬಾವಿ ನೀರಿನಲ್ಲಿ ತೊಳೆದು ಒಳ್ಳೆಯ ಚಿತ್ರ ಕೊಟ್ಟರಲ್ಲ ಎಂಬುದು ಬಲವಾದ ಆಕ್ಷೇಪ. ಅವರ ನೈಪುಣ್ಯವನ್ನು ನಾನು ಕಡಿಮೆಮಾಡುವುದಿಲ್ಲ. ಆದರೆ ಅವರ ನೆಗೆಟಿವ್ ದೊಡ್ಡದು, ಪ್ರಿಂಟು ಸಣ್ಣದು. ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಚುಕ್ಕಿ, ಕಾಳು ಕಾಣುತ್ತಿರಲಿಲ್ಲ, ಕಂಡರೆ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು, ಪ್ರಿಂಟಿನ ಮೇಲೆ ಕುಂಚ ಹಿಡಿದು ಮುಚ್ಚುತ್ತಿದ್ದರು. ನೆಗೆಟಿವ್ ಗಾಢವಾದರೆ ಮೃದು ಗ್ರೇಡಿನ ಪೇಪರು, ತೆಳುವಾದರೆ ಕಠಿಣ ಗ್ರೇಡಿನದು. ಎಲ್ಲಕ್ಕಿಂತ ಹೆಚ್ಚಾಗಿ ಅವರು ದಿನವೂ ಅದೇ ಜಾಗದಲ್ಲಿ, ಅದೇ ನೀರಿನಲ್ಲಿ, ಅದೇ ದ್ರಾವಣದಲ್ಲಿ ತೊಳೆಯುತ್ತಿದ್ದರು. ಋತು ಬದಲಾದದ್ದು ಅವರ ಬೆರಳಿಗೆ ತಿಳಿಯುತ್ತಿತ್ತು. ತಿಂಗಳಿಗೊಂದು ರೋಲು ತೊಳೆಯುವವರಿಗೆ ಆ ಅಭ್ಯಾಸ ಬೆಳೆಯಲು ಅವಕಾಶವೇ ಇಲ್ಲ. ಅವರಿಗೆ ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್ ಬೇಕು: ಫಿಲ್ಮು, ದ್ರಾವಣ, ಉಷ್ಣತೆ, ಹೊತ್ತು, ನೀರು ಎಲ್ಲಿಯದು. ದೋಷ ಕಂಡಾಗ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಫಲ ಸುಧಾರಿಸಿದರೂ, ಕಾರಣ ಯಾವುದೆಂದು ತಿಳಿಯದೆ ಉಳಿಯುತ್ತದೆ.

ಇನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಪಡಿಸಿದರಾಯಿತು ಎನ್ನುವವರು. ಗಾಢತೆಯ ಸಣ್ಣಪುಟ್ಟ ಏರುಪೇರನ್ನು ಖಂಡಿತ ಸರಿಪಡಿಸಬಹುದು. ಆದರೆ ನೆರಳಿನ ಭಾಗದಲ್ಲಿ ಬೆಳ್ಳಿಯೇ ಕೂಡದಿದ್ದರೆ ಅಲ್ಲಿ ಎತ್ತಿ ತೋರಿಸಲು ಏನೂ ಇರುವುದಿಲ್ಲ. ಧೂಳು, ಕಲೆಯ ವಿಷಯದಲ್ಲಂತೂ ಕಪ್ಪು-ಬಿಳುಪಿಗೆ ಸ್ಕ್ಯಾನರು ದೊಡ್ಡ ಆಸರೆಯಲ್ಲ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಇನ್‌ಫ್ರಾರೆಡ್ ಕಿರಣ ಹಾದುಹೋಗುತ್ತದೆ, ಧೂಳು ಮಾತ್ರ ಅಡ್ಡ ಬರುತ್ತದೆ. ಸ್ಕ್ಯಾನರು ಆ ವ್ಯತ್ಯಾಸ ಹಿಡಿದು ಧೂಳನ್ನು ಅಳಿಸುತ್ತದೆ. ಬೆಳ್ಳಿ ಆ ಕಿರಣವನ್ನೂ ತಡೆಯುವುದರಿಂದ ಯಂತ್ರಕ್ಕೆ ಚಿತ್ರ ಯಾವುದು, ಧೂಳು ಯಾವುದು ಎಂದು ತಿಳಿಯುವುದಿಲ್ಲ. ಪ್ರತಿ ಚುಕ್ಕಿಯನ್ನೂ ಕೈಯಿಂದಲೇ ಅಳಿಸಬೇಕು.

ದುಬಾರಿ ರೋಲನ್ನು ಪಣಕ್ಕಿಡದೆ ದ್ರಾವಣವನ್ನು ಪರೀಕ್ಷಿಸುವ ದಾರಿ ಇದೆ. ಕ್ಯಾಮೆರಾಕ್ಕೆ ಸಿಕ್ಕಿಸುವ ತುದಿಯ ತುಂಡಿಗೆ ಹೇಗೂ ಬೆಳಕು ತಾಗಿರುತ್ತದೆ. ಅದರಲ್ಲೊಂದು ಚೂರನ್ನು ಕೋಣೆಯ ಬೆಳಕಿನಲ್ಲೇ ಡೆವಲಪರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗಬೇಕು. ಆಗದಿದ್ದರೆ ದ್ರಾವಣ ಚೆಲ್ಲಬೇಕು. ಇನ್ನೊಂದು ಚೂರನ್ನು ಹೈಪೋಗೆ ಹಾಕಿ ಅದು ಪೂರ್ತಿ ತಿಳಿಯಾಗಲು ಹಿಡಿದ ಹೊತ್ತನ್ನು ಗುರುತಿಸಿಕೊಳ್ಳಬೇಕು. ಅದರ ಎರಡರಷ್ಟು ಹೊತ್ತು ಫಿಲ್ಮನ್ನು ಅಲ್ಲಿಡಬೇಕು. ಹೊಸ ಹೈಪೋ ತೆಗೆದುಕೊಂಡ ಹೊತ್ತಿನ ಇಮ್ಮಡಿ ಹಿಡಿಯತೊಡಗಿದರೆ ಆ ಹೈಪೋದ ಕಾಲ ಮುಗಿಯಿತು. ಸೋತ ಹೈಪೋದಲ್ಲಿ ಅದ್ದಿದ ಫಿಲ್ಮು ಹಾಲು ಕಟ್ಟಿದಂತೆ ಮಸುಕಾಗಿ, ನೇರಳೆ ಛಾಯೆ ಹೊತ್ತು ಬರುತ್ತದೆ, ಮತ್ತು ಒಳಗುಳಿದ ಬೆಳ್ಳಿ ಲವಣ ವರ್ಷಗಳ ಮೇಲೆ ಕಂದು ಕಲೆಯಾಗುತ್ತದೆ. ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಹಳದಿಗಟ್ಟಿದ ಎಷ್ಟೋ ಪ್ರಿಂಟುಗಳು ಹೀಗೆ ಅರೆಬರೆ ಹೈಪೋ, ಅರೆಬರೆ ತೊಳೆತಕ್ಕೆ ಬಲಿಯಾದವು. ಫಿಲ್ಮಿನ ಮಸುಕು ಹೊಸದಿದ್ದಾಗಲಾದರೂ ನಿವಾರಣೆ ಸಾಧ್ಯ. ತಾಜಾ ಹೈಪೋ ಕೂಡಿಸಿ, ಫಿಲ್ಮನ್ನು ಮತ್ತೆ ರೀಲಿಗೆ ಸುತ್ತಿ, ಹಗಲು ಬೆಳಕಿನಲ್ಲೇ ಅದ್ದಿ, ಮೂರು ಸುತ್ತು ತೊಳೆದು, ಆರ್‌ಒ ನೀರಿನಲ್ಲಿ ಮುಗಿಸಬಹುದು. ಜೂನ್ ಮಳೆ ಹಿಡಿಯುವ ಮುನ್ನ ಈ ಕೆಲಸ ಮುಗಿಸಿ, ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಗೆ ಸೇರಿಸಿಬಿಡುವುದು ಒಳ್ಳೆಯದು. ತೇವ ಉಳಿದ ಜಿಲೆಟಿನ್ ಮೇಲೆ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಬೂಸಲು ಬೇಗ ಬೇರು ಬಿಡುತ್ತದೆ, ಬೇರು ಬಿಟ್ಟ ಬೂಸಲಿಗೆ ಯಾವ ದ್ರಾವಣವೂ ಇಲ್ಲ.